ರೀಫರ್ಬಿಶ್ಡ್ ಎಂದರೆ ಏನೆಂದು ಮಾಲಿನ ಜೊತೆಗೇ ಬರೆದು ಕೊಡಲಿ

ಮಾನ್ಯ ಸಂಪಾದಕರೇ,

ಕಡಿಮೆ ಖರ್ಚಿನಲ್ಲಿ ಕಂಪ್ಯೂಟರ್ ಜೋಡಿಸಿಕೊಳ್ಳುವುದು ಹೇಗೆ ಎಂಬ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಈಚೆಗೆ ಬಂದ ಬರಹವನ್ನು ಕತ್ತರಿಸಿಕೊಂಡು ನಮ್ಮ ಅಂಗಡಿಗೆ ಮೂರು ಮಂದಿ ಬಂದಿದ್ದರು. ಬರಹ ಉಪಯುಕ್ತವಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಸ್‌ಎಂಪಿಎಸ್ ಅನ್ನು, ಅಂದರೆ ಕಂಪ್ಯೂಟರಿಗೆ ಕರೆಂಟ್ ಹಂಚುವ ಪೆಟ್ಟಿಗೆಯನ್ನು, ರೀಫರ್ಬಿಶ್ಡ್ (ಬಳಸಿದ್ದನ್ನು ಸರಿಪಡಿಸಿ ಮತ್ತೆ ಮಾರುವ) ಮಾಲಿನಲ್ಲಿ ಕೊಂಡು ಹಣ ಉಳಿಸಬಹುದು ಎಂದು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದು ನನಗೆ ಸರಿ ಕಾಣಲಿಲ್ಲ. ಸಾಗರದಲ್ಲಿ 2001ರಿಂದ ಕಂಪ್ಯೂಟರ್ ದುರಸ್ತಿ ಮಾಡಿಕೊಂಡು ಬಂದವನು ನಾನು. ಹಳೆಯ ಎಸ್‌ಎಂಪಿಎಸ್‌ಗಳನ್ನು ರಿಪೇರಿ ಮಾಡಿ ಮಾರಿದ ದುಡ್ಡು ನನ್ನ ಮಕ್ಕಳ ಓದಿಗೂ ಆಗಿದೆ. ಹಾಗಾಗಿ ಹಳೆಯ ಮಾಲಿನ ಮೇಲೆ ನನಗೆ ಯಾವ ಹಗೆಯೂ ಇಲ್ಲ. ಆ ಒಂದು ಸಾಲನ್ನು ಬಿಡಿಸಿ ಹೇಳಬೇಕೆಂದು ಇದನ್ನು ಬರೆಯುತ್ತಿದ್ದೇನೆ. ಪತ್ರ ಉದ್ದವಾದರೂ ದಯವಿಟ್ಟು ಪ್ರಕಟಿಸಬೇಕು.

ಮೂವರಲ್ಲಿ ಒಬ್ಬಳು ನಮ್ಮ ಪಕ್ಕದ ಊರಿನವಳೇ, ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಓದುವ ಹುಡುಗಿ. ಯಂತ್ರಗಳ ವಿನ್ಯಾಸದ ಕೆಲಸಕ್ಕೆ ಕಂಪ್ಯೂಟರ್ ಬೇಕು. ಅಪ್ಪನಿಗೆ ಒಂದೂವರೆ ಎಕರೆ ಅಡಿಕೆ ತೋಟ, ಅದಕ್ಕೆ ಎಲೆಚುಕ್ಕಿ ರೋಗ ಹತ್ತಿದೆ. ಪ್ರತಿ ನೂರು ರೂಪಾಯಿಗೂ ಲೆಕ್ಕ ಇಡಬೇಕಾದ ಮನೆ. ‘ಮಾವ, ಹೊಸದಕ್ಕೆ 7,800 ರೂಪಾಯಿ. ಅದೇ ರೀಫರ್ಬಿಶ್ಡ್ ಆದರೆ 3,400ಕ್ಕೆ ಸಿಗುತ್ತದೆ. 650 ವಾಟ್, ಗೋಲ್ಡ್ ದರ್ಜೆಯದು. ತೆಗೆದುಕೊಳ್ಳಲೇ?’ ಎಂದು ಮೊಬೈಲನ್ನು ಮುಂದೆ ಹಿಡಿದಳು. ನನಗೆ ತಟ್ಟನೆ ಹೂಂ ಎನ್ನಲೂ ಆಗಲಿಲ್ಲ, ಬೇಡ ಎನ್ನಲೂ ಆಗಲಿಲ್ಲ. ಎರಡು ದಿನ ಬಿಟ್ಟು ಬಾ, ಅಷ್ಟರಲ್ಲಿ ಮಾರುವವರಿಗೆ ಈ ನಾಲ್ಕು ಪ್ರಶ್ನೆ ಬರೆದು ಕೇಳು ಎಂದು ಚೀಟಿ ಕೊಟ್ಟು ಕಳುಹಿಸಿದೆ. ತಯಾರಾದ ವರ್ಷ ಯಾವುದು? ಯಾಕೆ ವಾಪಸ್ ಬಂದದ್ದು? ಒಳಗೆ ಏನೇನು ಬದಲಾಯಿಸಿದ್ದಾರೆ? ಜೊತೆಗೆ ಬರುವ ಕೇಬಲ್‌ಗಳು ಅದರವೇ ಹೌದೇ?

ಎಸ್‌ಎಂಪಿಎಸ್ ಎಂದರೆ ಗೊತ್ತಿಲ್ಲದವರಿಗಾಗಿ ಒಂದು ಮಾತು. ಮನೆಗಳಲ್ಲಿ ಸಿಪಿಯು ಎಂದು ಕರೆಯುವ ಡಬ್ಬದ ಹಿಂಬದಿಯಲ್ಲಿ, ಕರೆಂಟಿನ ವಯರು ಸಿಕ್ಕಿಸುವ ಕಡೆ ಒಂದು ತಗಡಿನ ಪೆಟ್ಟಿಗೆ ಇರುತ್ತದೆ. ಗೋಡೆಯಿಂದ ಬರುವ 230 ವೋಲ್ಟನ್ನು ಅದು 12, 5 ಮತ್ತು 3.3 ವೋಲ್ಟಿಗೆ ಇಳಿಸಿ ಬೋರ್ಡಿಗೆ, ಹಾರ್ಡ್ ಡಿಸ್ಕಿಗೆ, ಗ್ರಾಫಿಕ್ಸ್ ಕಾರ್ಡಿಗೆ ಹಂಚುತ್ತದೆ. ರ‍್ಯಾಮ್ ಕೆಟ್ಟರೆ ರ‍್ಯಾಮ್ ಮಾತ್ರ ಹೋಗುತ್ತದೆ. ಎಸ್‌ಎಂಪಿಎಸ್ ಕೆಟ್ಟ ರೀತಿಯಲ್ಲಿ ಹೋದರೆ ತನ್ನ ಜೊತೆ ಬೇರೆಯವನ್ನೂ ಕರೆದುಕೊಂಡು ಹೋಗುತ್ತದೆ. ಹಾಗಾಗಿ ಇದರ ಖರೀದಿಯನ್ನು ಮೌಸ್ ಅಥವಾ ಕೀಬೋರ್ಡ್ ಖರೀದಿಯ ಹಾಗೆ ನೋಡಬಾರದು.

ಈಗ ರೀಫರ್ಬಿಶ್ಡ್ ಎಂಬ ಮಾತಿಗೆ ಬರುತ್ತೇನೆ. ನಮ್ಮ ಕಸುಬಿನಲ್ಲಿ ಈ ಒಂದೇ ಹೆಸರಿನಲ್ಲಿ ಓಡಾಡುವ ಮಾಲು ಹಲವು ಬಗೆಯದು. ಯಾರೋ ಕೊಂಡು, ಕ್ಯಾಬಿನೆಟ್ಟಿಗೆ ಹೊಂದಲಿಲ್ಲ ಎಂದು ವಾರದೊಳಗೆ ವಾಪಸ್ ಕೊಟ್ಟದ್ದು ಇದೆ. ಅದು ಹೆಚ್ಚುಕಡಿಮೆ ಹೊಸದೇ. ವಾರಂಟಿಯಲ್ಲಿ ಬಂದದ್ದನ್ನು ತಯಾರಕರೇ ತಮ್ಮ ಸರ್ವಿಸ್ ಕೇಂದ್ರದಲ್ಲಿ ಸರಿಪಡಿಸಿ, ಪರೀಕ್ಷಿಸಿ, ಮತ್ತೆ ಮುದ್ರೆ ಒತ್ತಿ ಕೊಡುವುದು ಇದೆ. ಅದನ್ನೂ ಧೈರ್ಯವಾಗಿ ಕೊಳ್ಳಬಹುದು. ಆದರೆ ಹಳೆಯ ಕಚೇರಿಯ ಕಂಪ್ಯೂಟರ್‌ಗಳನ್ನು ಸಗಟಾಗಿ ಕೊಂಡು, ಬಿಚ್ಚಿ, ಬ್ಲೋವರ್ ಹಿಡಿದು ಧೂಳು ಹಾರಿಸಿ, ತಗಡನ್ನು ಒರೆಸಿ ಮಾರುವುದಕ್ಕೂ ಅದೇ ಹೆಸರು. ಸತ್ತು ಹೋಗಿದ್ದನ್ನು ಗುಜರಿಯಿಂದ ತಂದು, ಉಬ್ಬಿದ ಕೆಪಾಸಿಟರ್ (ವಿದ್ಯುತ್ತನ್ನು ಹಿಡಿದಿಟ್ಟು ಸಮವಾಗಿ ಬಿಡುವ ಬಿಡಿಭಾಗ) ಕಿತ್ತು, ಕೈಗೆ ಸಿಕ್ಕ ಅಗ್ಗದ ಕೆಪಾಸಿಟರ್ ಬೆಸೆದು ಮಾರುವುದಕ್ಕೂ ಅದೇ ಹೆಸರು. ಬೆಲೆಯ ಚೀಟಿಯಲ್ಲಿ ಇವುಗಳ ನಡುವೆ ನೂರಿನ್ನೂರು ರೂಪಾಯಿ ವ್ಯತ್ಯಾಸ ಇರಬಹುದು. ಗುಣದಲ್ಲಿ ಇರುವ ವ್ಯತ್ಯಾಸ ಬಹಳ ದೊಡ್ಡದು. ಕೊಳ್ಳುವವರಿಗೆ ಅದು ಕಾಣುವುದೇ ಇಲ್ಲ. ನನ್ನ ತಕರಾರು ಇರುವುದು ಇಲ್ಲಿ.

ಎಸ್‌ಎಂಪಿಎಸ್ಸಿನ ಆಯುಷ್ಯವನ್ನು ಬಹುಮಟ್ಟಿಗೆ ನಿರ್ಧರಿಸುವುದು ಅದರೊಳಗಿನ ಕೆಪಾಸಿಟರ್‌ಗಳು. ಅಲ್ಯೂಮಿನಿಯಂ ಡಬ್ಬಿಯೊಳಗೆ ದ್ರಾವಣದಲ್ಲಿ ನೆನೆದ ಕಾಗದದ ಸುರುಳಿ ಇರುತ್ತದೆ. ಶಾಖಕ್ಕೆ ಆ ದ್ರಾವಣ ವರ್ಷಗಟ್ಟಲೆ ಸ್ವಲ್ಪಸ್ವಲ್ಪವಾಗಿ ಆರುತ್ತದೆ. ಸಾಮಾನ್ಯವಾದ ಒಂದು ಕೆಪಾಸಿಟರ್ ಮೇಲೆ 105 ಡಿಗ್ರಿ ಎಂದು ಮುದ್ರಿಸಿದ್ದರೆ, ಅಷ್ಟು ಶಾಖದಲ್ಲಿ ಅದರ ಬಾಳಿಕೆ 2,000 ಗಂಟೆ ಎಂದು ಇಟ್ಟುಕೊಳ್ಳಿ. ಶಾಖ 10 ಡಿಗ್ರಿ ಇಳಿದ ಹಾಗೆಲ್ಲ ಬಾಳಿಕೆ ಸುಮಾರು ಎರಡು ಪಟ್ಟಾಗುತ್ತದೆ ಎಂಬುದು ನಾವೆಲ್ಲ ಹಾಕುವ ಲೆಕ್ಕ. 65 ಡಿಗ್ರಿಯಲ್ಲಿ ಅದು 32,000 ಗಂಟೆಗೆ ಬರುತ್ತದೆ. ದಿನಕ್ಕೆ ಎಂಟು ಗಂಟೆ ನಡೆಸಿದರೆ ಹತ್ತು ಹನ್ನೊಂದು ವರ್ಷ ಬಂತು. ಹಗಲೂ ರಾತ್ರಿ ನಡೆಸಿದರೆ ನಾಲ್ಕು ವರ್ಷವೂ ಬರಲಿಲ್ಲ. ಆದ್ದರಿಂದ ಎಷ್ಟು ವರ್ಷ ಹಳೆಯದು ಎಂದು ಕೇಳಿದರೆ ಅರ್ಧ ಉತ್ತರ ಮಾತ್ರ ಸಿಗುತ್ತದೆ, ಎಲ್ಲಿ ಎಷ್ಟು ಹೊತ್ತು ಓಡಿತ್ತು ಎಂಬುದು ಉಳಿದ ಅರ್ಧ. 2022ರ ಸೆಪ್ಟೆಂಬರ್‌ನಲ್ಲಿ ಎಥೀರಿಯಂ ಎಂಬ ಡಿಜಿಟಲ್ ನಾಣ್ಯದ ವ್ಯವಸ್ಥೆ ಬದಲಾಗಿ, ಗ್ರಾಫಿಕ್ಸ್ ಕಾರ್ಡ್‌ಗಳಿಂದ ಅದನ್ನು ಗಣಿ ಮಾಡುವುದು, ಅಂದರೆ ಹಗಲಿರುಳು ಲೆಕ್ಕ ಮಾಡಿಸಿ ನಾಣ್ಯ ಗಳಿಸುವುದು, ನಿಂತುಹೋಯಿತು. ವರ್ಷಗಟ್ಟಲೆ ಹಗಲಿರುಳು ದುಡಿದ ದೊಡ್ಡ ದೊಡ್ಡ ಎಸ್‌ಎಂಪಿಎಸ್‌ಗಳು ಆಮೇಲೆ ಹಳೆಯ ಮಾಲಿನ ಪೇಟೆಗೆ ಬಂದವು. ಹೊರಗಿನಿಂದ ನೋಡಿದರೆ ಪಳಪಳ ಹೊಳೆಯುತ್ತವೆ.

ನಮ್ಮ ಮಲೆನಾಡಿನಲ್ಲಿ ಇನ್ನೊಂದು ಸಂಗತಿ ಸೇರಿಕೊಳ್ಳುತ್ತದೆ. ಜೂನ್ ಬಂತೆಂದರೆ ಗೋಡೆ ಬೆವರುತ್ತದೆ. ಒಣ ಊರಿನಲ್ಲಿ ಓಡಿದ ಪೆಟ್ಟಿಗೆಯೊಳಗಿನ ಧೂಳು ಇಲ್ಲಿಗೆ ಬಂದು ಥಂಡಿ ಹೀರಿಕೊಳ್ಳುತ್ತದೆ, ಇರಬಾರದ ಕಡೆ ವಿದ್ಯುತ್ತಿಗೆ ದಾರಿ ಮಾಡಿಕೊಡುತ್ತದೆ. ಆಷಾಢದಲ್ಲಿ ನಾಲ್ಕು ದಿನ ಬಳಸದೆ ಬಿಟ್ಟು ಚಾಲು ಮಾಡಿದಾಗ ಪಟ್ ಎಂದು ಹೋದ ಎಸ್‌ಎಂಪಿಎಸ್‌ಗಳನ್ನು ಪ್ರತಿವರ್ಷ ನೋಡುತ್ತೇನೆ. ಕೆಲವೊಮ್ಮೆ ಒಳಗೆ ಬೆಚ್ಚಗಿದೆ ಎಂದು ಸೇರಿಕೊಂಡ ಹಲ್ಲಿಯೂ ಸುಟ್ಟು ಅಂಟಿಕೊಂಡಿರುತ್ತದೆ. (ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತದೆ, ಎಸ್‌ಎಂಪಿಎಸ್ ಬದಲಾಯಿಸಿ ಎಂದು ಬರುವವರೂ ಬಹಳ. ಹೆಚ್ಚಿನ ಸಲ ತಪ್ಪು ಎಸ್‌ಎಂಪಿಎಸ್ಸಿನದಲ್ಲ, ಮನೆಯ ಪ್ಲಗ್ಗಿಗೆ ಅರ್ತಿಂಗ್ ಇರುವುದಿಲ್ಲ. ಮೊದಲು ವೈರಿಂಗ್ ಮಾಡುವವರನ್ನು ಕರೆಸಿ.)

ಕೇಬಲ್ ಬಗ್ಗೆ ಯಾಕೆ ಕೇಳಿಸಿದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮೂರಿನ ಒಬ್ಬ ಫೋಟೊಗ್ರಾಫರ್ ಬೆಂಗಳೂರಿಗೆ ಹೋಗಿದ್ದಾಗ ಒಂದು ಅಂಗಡಿಯಲ್ಲಿ ರೀಫರ್ಬಿಶ್ಡ್ ಎಸ್‌ಎಂಪಿಎಸ್ ಕೊಂಡು ತಂದರು. ಹೆಸರಾಂತ ಕಂಪನಿಯದು, ಹೊಸದರ ಬೆಲೆಗಿಂತ 2,600 ರೂಪಾಯಿ ಕಡಿಮೆ. ಅದು ಮಾಡ್ಯುಲರ್ ಮಾದರಿ, ಅಂದರೆ ಕೇಬಲ್‌ಗಳು ಎರಡೂ ತುದಿಯಲ್ಲಿ ಬಿಚ್ಚಿಕೊಳ್ಳುತ್ತವೆ. ಹಾರ್ಡ್ ಡಿಸ್ಕಿಗೆ ಸೇರುವ ತುದಿ ಎಲ್ಲ ಕಂಪನಿಗಳದ್ದೂ ಒಂದೇ. ಪೆಟ್ಟಿಗೆಗೆ ಸೇರುವ ತುದಿಗೆ ಮಾತ್ರ ಒಂದು ನಿಯಮವೆಂಬುದಿಲ್ಲ. ಕಂಪನಿಯಿಂದ ಕಂಪನಿಗೆ, ಕೆಲವೊಮ್ಮೆ ಒಂದೇ ಕಂಪನಿಯ ಒಂದು ಮಾದರಿಯಿಂದ ಇನ್ನೊಂದಕ್ಕೂ ತಂತಿಗಳ ಜಾಗ ಬೇರೆಬೇರೆ. ಆದರೆ ಪ್ಲಗ್ಗಿನ ಆಕಾರ ಹಲವು ಸಲ ಒಂದೇ ಇರುವುದರಿಂದ ಬೇರೆಯದರ ಕೇಬಲ್ ಸಲೀಸಾಗಿ ಒಳಗೆ ಕೂರುತ್ತದೆ. ಅಂಗಡಿಯವರು ಮೂಲ ಕೇಬಲ್ ಇಲ್ಲದ್ದಕ್ಕೆ ಬೇರೆ ಯಾವುದೋ ಕೇಬಲ್‌ಗಳ ಕಂತೆಯನ್ನು ರಬ್ಬರ್ ಬ್ಯಾಂಡ್ ಹಾಕಿ ಕೊಟ್ಟಿದ್ದರು.

ಫೋಟೊಗ್ರಾಫರ್ ತಾವೇ ಜೋಡಿಸಿ ಗುಂಡಿ ಒತ್ತಿದ್ದಾರೆ. ಫ್ಯಾನ್ ಒಂದು ಸುತ್ತು ತಿರುಗಿ ನಿಂತಿದೆ, ಸುಟ್ಟ ವಾಸನೆ ಬಂದಿದೆ. 5 ವೋಲ್ಟ್ ಹೋಗಬೇಕಾದ ತಂತಿಯಲ್ಲಿ 12 ವೋಲ್ಟ್ ಹೋಗಿತ್ತು. ಒಳಗಿದ್ದ ಎರಡು ಹಾರ್ಡ್ ಡಿಸ್ಕ್ ಆ ಕ್ಷಣದಲ್ಲೇ ನಿಂತವು. ಮರುದಿನ ಬೆಳಗ್ಗೆ ಅಂಗಡಿ ಬಾಗಿಲು ತೆಗೆಯುವ ಮೊದಲೇ ಅವುಗಳನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಮೆಟ್ಟಿಲ ಮೇಲೆ ಕುಳಿತಿದ್ದರು. ಒಂದು ಡಿಸ್ಕಿನ ಅಡಿಯ ಬೋರ್ಡಿನಲ್ಲಿ, ಕರೆಂಟ್ ಸೇರುವ ಜಾಗದ ಪಕ್ಕ ಅಕ್ಕಿಕಾಳಿನಷ್ಟು ಗಾತ್ರದ ಕರಿಯ ಡಯೋಡ್ ಇರುತ್ತದೆ. ವೋಲ್ಟ್ ಮೀರಿದರೆ ತಾನು ಸತ್ತು ಉಳಿದದ್ದನ್ನು ಕಾಯುವುದು ಅದರ ಕೆಲಸ. ಅದು ಕಾದಿತ್ತು. ಸತ್ತ ಡಯೋಡನ್ನು ಕಿತ್ತು ತೆಗೆದ ಮೇಲೆ ಡಿಸ್ಕ್ ತಿರುಗಿತು. ಅಂದೇ ಕುಳಿತು ಅದರಲ್ಲಿದ್ದುದನ್ನೆಲ್ಲ ಬೇರೆ ಡಿಸ್ಕಿಗೆ ಇಳಿಸಿದೆವು. ಇನ್ನೊಂದರಲ್ಲಿ ಪೆಟ್ಟು ಒಳಗಿನವರೆಗೂ ಹೋಗಿತ್ತು. ದತ್ತಾಂಶ ಹೊರತೆಗೆಯುವವರು ಕೇಳಿದ ಮೊತ್ತ ಅವರಿಂದ ಕೊಡಲಾಗದಷ್ಟಿತ್ತು. ಆ ಡಿಸ್ಕಿನಲ್ಲಿ ಆ ಹಂಗಾಮಿನ ಮದುವೆ, ಉಪನಯನಗಳ ಚಿತ್ರಗಳಿದ್ದವು. ಅವರು ಒಂದೊಂದೇ ಮನೆಗೆ ಹೋಗಿ ಹೇಳಿಕೊಂಡು ಬಂದರು. ಒಂದು ಮನೆಯಲ್ಲಿ ಮೊಮ್ಮಗಳ ಮದುವೆಯಲ್ಲಿ ನಕ್ಕು ನಿಂತಿದ್ದ ಅಜ್ಜಿ ಆ ಮಳೆಗಾಲದಲ್ಲೇ ತೀರಿಕೊಂಡಿದ್ದರು. ಆ ಮನೆಯವರ ಬಳಿ ಅಜ್ಜಿಯ ಬೇರೆ ಒಳ್ಳೆಯ ಫೋಟೊ ಇರಲಿಲ್ಲ.

ಆ ಎಸ್‌ಎಂಪಿಎಸ್ ಅನ್ನು ಆಮೇಲೆ ನಾನು ಪರೀಕ್ಷಿಸಿದೆ. ಅದರಲ್ಲಿ ಏನೂ ದೋಷ ಇರಲಿಲ್ಲ. ಸರಿಯಾದ ಕೇಬಲ್ ಹಾಕಿದರೆ ಎಲ್ಲ ವೋಲ್ಟೂ ಸರಿ ಬರುತ್ತಿತ್ತು. ರೀಫರ್ಬಿಶ್ಡ್ ಮಾಲಿನ ಅಪಾಯ ಕೆಟ್ಟ ಮಾಲಿನಲ್ಲಿ ಮಾತ್ರ ಇರುತ್ತದೆಂದು ತಿಳಿದವರು ಇದನ್ನು ಗಮನಿಸಬೇಕು. ಮೂಲ ಕೇಬಲ್ ಇಲ್ಲದ ಮಾಡ್ಯುಲರ್ ಎಸ್‌ಎಂಪಿಎಸ್ ಅನ್ನು ಪುಕ್ಕಟೆ ಕೊಟ್ಟರೂ ತೆಗೆದುಕೊಳ್ಳಬೇಡಿ ಎಂದು ಅಂದಿನಿಂದ ಎಲ್ಲರಿಗೂ ಹೇಳುತ್ತಿದ್ದೇನೆ.

ಎರಡು ದಿನದ ಮೇಲೆ ಹುಡುಗಿ ಉತ್ತರ ತಂದಳು. ಯಾಕೆ ವಾಪಸ್ ಬಂದದ್ದೆಂದು ಮಾರುವವರಿಗೆ ಗೊತ್ತಿಲ್ಲ. ಏನು ಬದಲಾಯಿಸಿದ್ದಾರೆ ಎಂಬುದಕ್ಕೆ ‘ಪೂರ್ತಿ ಪರೀಕ್ಷಿಸಲಾಗಿದೆ’ ಎಂಬ ಒಂದೇ ಉತ್ತರ. ಕೇಬಲ್ ಅದರದ್ದೇ ಎಂದಿದ್ದಾರೆ. ವರ್ಷ ಹೇಳಿಲ್ಲ, ಆದರೆ ಅವಳು ಜಾಣೆ, ಹಿಂಬದಿಯ ಚೀಟಿಯ ಫೋಟೊ ಕಳುಹಿಸಿ ಎಂದು ಕೇಳಿದ್ದಳು. ಹಲವು ಕಂಪನಿಗಳ ಸೀರಿಯಲ್ ಸಂಖ್ಯೆಯಲ್ಲಿ ತಯಾರಾದ ವರ್ಷ ಮತ್ತು ವಾರ ಅಡಗಿರುತ್ತವೆ. ಇದು 2016ರದ್ದು. ವಾರಂಟಿ ಮೂರು ತಿಂಗಳು, ಅದೂ ತಯಾರಕರದ್ದಲ್ಲ, ಮಾರುವವರದ್ದು.

ಆಗ ಕಾಗದ ತೆಗೆದುಕೊಂಡು ಇಬ್ಬರೂ ಲೆಕ್ಕ ಹಾಕಿದೆವು. ಅವಳು ಆರಿಸಿದ್ದ ಪ್ರೊಸೆಸರ್ 65 ವಾಟಿನದು, ಹೆಚ್ಚೆಂದರೆ 90 ಎಳೆಯಬಹುದು. ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ 170 ವಾಟ್. ಬೋರ್ಡ್, ಡಿಸ್ಕ್, ಫ್ಯಾನ್ ಎಲ್ಲ ಸೇರಿ 50 ಎಂದರೂ ಒಟ್ಟು 310. ಆ ಕಾರ್ಡಿಗೆ ತಯಾರಕರೇ ಸೂಚಿಸಿರುವುದು 550 ವಾಟಿನ ಎಸ್‌ಎಂಪಿಎಸ್. ಕ್ಷಣಮಾತ್ರದ ಏರಿಳಿತಕ್ಕೂ ಅದು ಸಾಕು. ಅಂದರೆ 650 ವಾಟ್ ಅವಳಿಗೆ ಬೇಕಾಗಿಯೇ ಇರಲಿಲ್ಲ. 7,800ರ ಮಾಲು 3,400ಕ್ಕೆ ಬರುತ್ತದೆ ಎಂಬ ಹೋಲಿಕೆ ಅಲ್ಲಿಗೇ ಮುರಿದುಬಿತ್ತು. ಹೊಸ 550 ವಾಟ್, ಬ್ರಾಂಜ್ ದರ್ಜೆಯದು, ಐದು ವರ್ಷದ ವಾರಂಟಿಯೊಂದಿಗೆ 4,300ಕ್ಕೆ ಸಿಗುತ್ತಿತ್ತು. ನಿಜವಾದ ವ್ಯತ್ಯಾಸ 4,400 ರೂಪಾಯಿ ಅಲ್ಲ, 900 ರೂಪಾಯಿ. 4,300ನ್ನು ಐದು ವರ್ಷಕ್ಕೆ ಹಂಚಿದರೆ ಒಂದು ಕಡೆ 860 ರೂಪಾಯಿಗೆ ಒಂದು ವರ್ಷದ ನೆಮ್ಮದಿ, ಇನ್ನೊಂದು ಕಡೆ 3,400ಕ್ಕೆ ಮೂರು ತಿಂಗಳು. ರಿಯಾಯಿತಿಯನ್ನು ಅದೇ ಮಾಲಿನ ಹೊಸ ಬೆಲೆಯ ಜೊತೆ ಹೋಲಿಸಿ ನೋಡುವುದು ಮಾರುವವರು ಕಲಿಸಿದ ಲೆಕ್ಕ. ನಮ್ಮ ಅಗತ್ಯಕ್ಕೆ ಸಾಲುವ ಹೊಸ ಮಾಲಿಗೆ ಎಷ್ಟು ಎಂದು ಮೊದಲು ಕೇಳಿಕೊಂಡು ಆಮೇಲೆ ಹೋಲಿಸಬೇಕು.

‘ಗೋಲ್ಡ್ ಆದರೆ ಕರೆಂಟ್ ಉಳಿಯುತ್ತದಲ್ಲವೇ ಮಾವ?’ ಎಂದು ಅವಳು ಕೇಳಿದ್ದು ಸರಿಯಾದ ಪ್ರಶ್ನೆಯೇ. 80 ಪ್ಲಸ್ ಎಂಬ ದರ್ಜೆ ಶುರುವಾದದ್ದು 2004ರಲ್ಲಿ. ಅರ್ಧ ಲೋಡ್ ಇರುವಾಗ ಬ್ರಾಂಜ್ ಆದರೆ ಎಳೆದ ಕರೆಂಟಿನಲ್ಲಿ ಶೇ 85ರಷ್ಟನ್ನು, ಗೋಲ್ಡ್ ಆದರೆ ಶೇ 90ರಷ್ಟನ್ನು ಒಳಗೆ ತಲುಪಿಸಬೇಕು, ಉಳಿದದ್ದು ಶಾಖವಾಗಿ ಹೋಗುತ್ತದೆ. 200 ವಾಟಿನ ಕೆಲಸವನ್ನು ದಿನಕ್ಕೆ ಐದು ಗಂಟೆ, ವರ್ಷಕ್ಕೆ 300 ದಿನ ಮಾಡಿದರೆ ಎರಡರ ನಡುವಿನ ವ್ಯತ್ಯಾಸ ಸುಮಾರು 20 ಯೂನಿಟ್. ಒಂದು ಯೂನಿಟ್ಟಿಗೆ ಏಳು ರೂಪಾಯಿ ಹಿಡಿದರೂ ವರ್ಷಕ್ಕೆ 140 ರೂಪಾಯಿ. ಅಷ್ಟಕ್ಕೆ 2016ರ ಕೆಪಾಸಿಟರ್‌ಗಳನ್ನು ನಂಬಿ 30,000 ರೂಪಾಯಿಯ ಕಾರ್ಡನ್ನು ಅದಕ್ಕೆ ಜೋಡಿಸುವುದು ಬೇಡ ಎಂದೆ.

ಹಾಗೆಂದು ಹೊಸದೆಲ್ಲ ಒಳ್ಳೆಯದು ಎಂದು ಯಾರೂ ತಿಳಿಯಬಾರದು. 600 ರೂಪಾಯಿಗೆ ಹೊಸ 450 ವಾಟ್ ಎಂದು ಮಾರುವ ಪೆಟ್ಟಿಗೆಗಳನ್ನು ಕೈಯಲ್ಲಿ ಹಿಡಿದರೇ ತಿಳಿಯುತ್ತದೆ, ಖಾಲಿ ತಗಡಿನ ಡಬ್ಬದಷ್ಟು ಹಗುರ. ಬದಿಯ ಚೀಟಿಯಲ್ಲಿ 12 ವೋಲ್ಟ್ ಎಂಬ ಸಾಲನ್ನು ಹುಡುಕಿ, ಅದರ ಮುಂದಿನ ಆಂಪ್ಸ್ ಅನ್ನು 12ರಿಂದ ಗುಣಿಸಿ. 14 ಆಂಪ್ಸ್ ಎಂದಿದ್ದರೆ 168 ವಾಟ್. ಈಗಿನ ಕಂಪ್ಯೂಟರ್ ತನ್ನ ಹೊಟ್ಟೆ ತುಂಬಿಸಿಕೊಳ್ಳುವುದು ಬಹುಪಾಲು ಆ 12 ವೋಲ್ಟಿನಿಂದಲೇ. ಕರೆಂಟಿನ ಕೊಳೆಯನ್ನು ತಡೆಯಬೇಕಾದ ಸುರುಳಿಗಳ ಜಾಗದಲ್ಲಿ ಬರೀ ತಂತಿಯ ತುಂಡು ಬೆಸೆದಿರುವುದನ್ನು ಇಂಥ ಪೆಟ್ಟಿಗೆಗಳೊಳಗೆ ನಾನೇ ಕಂಡಿದ್ದೇನೆ. ಇವುಗಳಿಗೆ ಹೋಲಿಸಿದರೆ ಒಳ್ಳೆಯ ಕಂಪನಿಯ, ಮೂರ್ನಾಲ್ಕು ವರ್ಷದ, ಸರಿಯಾಗಿ ನೋಡಿಕೊಂಡ ಹಳೆಯದೇ ಎಷ್ಟೋ ಮೇಲು.

ರೀಫರ್ಬಿಶ್ಡ್ ಅನ್ನೇ ಕೊಳ್ಳಬೇಕಾದ ಸಂದರ್ಭವೂ ಇದೆ. ಕಳೆದ ವರ್ಷ ಹತ್ತಿರದ ಒಂದು ಪ್ರೌಢಶಾಲೆಯವರು ಕರೆದರು. ಯಾರೋ ದಾನಿಗಳು ಕಚೇರಿಯಲ್ಲಿ ಬಳಸಿ ಬಿಟ್ಟ ಡೆಲ್ ಆಪ್ಟಿಪ್ಲೆಕ್ಸ್ ಕಂಪ್ಯೂಟರ್‌ಗಳನ್ನು ಕೊಟ್ಟಿದ್ದರು, ಅವುಗಳಲ್ಲಿ ನಾಲ್ಕರ ಎಸ್‌ಎಂಪಿಎಸ್ ಹೋಗಿತ್ತು. ಆ ಮಾದರಿಯಲ್ಲಿ ಬೋರ್ಡಿಗೆ ಹೋಗುವ ಪ್ಲಗ್ ಎಲ್ಲರ ಹಾಗೆ 24 ಪಿನ್ನಿನದಲ್ಲ, 8 ಪಿನ್ನಿನದು. ಪೇಟೆಯಲ್ಲಿ ಸಿಗುವ ಹೊಸ ಎಸ್‌ಎಂಪಿಎಸ್ ಸೇರುವುದಿಲ್ಲ. ನಡುವೆ ಒಂದು ಕನ್ವರ್ಟರ್ ಕೇಬಲ್ ಹಾಕಬಹುದು, ಆದರೆ ಮಕ್ಕಳು ಕೈಯಾಡಿಸುವ ಕಡೆ ನಾನು ಅದನ್ನು ಹಾಕುವುದಿಲ್ಲ. ಬೆಂಗಳೂರಿನ ಎಲೆಕ್ಟ್ರಾನಿಕ್ ಪೇಟೆಯಾದ ಎಸ್.ಪಿ. ರಸ್ತೆಗೆ ಹೋಗಿ, ಅದೇ ಮಾದರಿಯ ಬಿಚ್ಚಿದ ಎಸ್‌ಎಂಪಿಎಸ್ ನಾಲ್ಕನ್ನು, ಸರಿಯಿಲ್ಲದಿದ್ದರೆ ಬದಲಿಸಿಕೊಡಬೇಕು ಎಂದು ಬಿಲ್ಲಿನ ಮೇಲೆ ಬರೆಸಿಕೊಂಡು ತಂದೆ.

ಪರೀಕ್ಷೆಗೆ ನಾನು ಬಳಸುವುದು ಕಾರಿನ ಹೆಡ್‌ಲೈಟ್ ಬಲ್ಬು. 60 ಮತ್ತು 55 ವಾಟಿನ ಎರಡು ತಂತು ಇರುವ ಬಲ್ಬು ಮೆಕ್ಯಾನಿಕ್ ಅಂಗಡಿಯಲ್ಲಿ ಸಿಗುತ್ತದೆ. ಎಸ್‌ಎಂಪಿಎಸ್ ಅನ್ನು ಖಾಲಿ ಇಟ್ಟು ಮಲ್ಟಿಮೀಟರ್ ಹಿಡಿದರೆ ಸಾಯಲಿರುವುದು ಕೂಡ 12.1 ತೋರಿಸುತ್ತದೆ. ಅಂಗಡಿಗಳಲ್ಲಿ ‘ನೋಡಿ ಸರ್, ಸರಿಯಾಗಿದೆ’ ಎಂದು ತೋರಿಸುವುದು ಇದನ್ನೇ. ಭಾರ ಹೊರಿಸಿ ನೋಡಬೇಕು. ಮೊದಲು ಒಂದು ತಂತು ಹೊತ್ತಿಸುತ್ತೇನೆ, ಅದು ಕಾದ ಮೇಲೆ ಇನ್ನೊಂದು. ತಣ್ಣಗಿರುವ ತಂತು ಮೊದಲ ಕ್ಷಣ ಬಹಳ ಕರೆಂಟ್ ಎಳೆಯುವುದರಿಂದ ಎರಡನ್ನೂ ಒಟ್ಟಿಗೆ ಹಚ್ಚಿದರೆ ಒಳ್ಳೆಯ ಎಸ್‌ಎಂಪಿಎಸ್ ಕೂಡ ಹೆದರಿ ನಿಲ್ಲಬಹುದು. ಬಲ್ಬು ಮೇಜಿನ ಮೇಲೆ ಕಣ್ಣು ಕುಕ್ಕುವಂತೆ ಉರಿಯುತ್ತದೆ, ಮೀಟರಿನ ಅಂಕಿ ನೋಡುತ್ತಾ ಕೂರುತ್ತೇನೆ. ನಿಯಮದ ಪ್ರಕಾರ 12 ವೋಲ್ಟಿನ ಲೈನು 11.4ಕ್ಕಿಂತ ಇಳಿಯಬಾರದು, 12.6ಕ್ಕಿಂತ ಏರಬಾರದು. ಶಾಲೆಗೆ ತಂದ ನಾಲ್ಕರಲ್ಲಿ ಮೂರು ಒಂದು ಗಂಟೆಯ ನಂತರವೂ 12ರ ಹತ್ತಿರವೇ ನಿಂತವು. ನಾಲ್ಕನೆಯದು ಹತ್ತನೇ ನಿಮಿಷದಿಂದ ಇಳಿಯತೊಡಗಿ 11.2ಕ್ಕೆ ಬಂತು, ಬಲ್ಬಿನ ಬೆಳಕು ಹಳದಿಗೆ ತಿರುಗಿತು, ಗಾಳಿಯಲ್ಲಿ ಹಳಸಿದ ಮೀನಿನಂಥ ವಾಸನೆ. ಸೋರುವ ಕೆಪಾಸಿಟರ್‌ನ ವಾಸನೆ ಅದು, ಒಮ್ಮೆ ಮೂಗಿಗೆ ಬಡಿದರೆ ಮರೆಯುವುದಿಲ್ಲ. ಅಂಗಡಿಯವರು ಮಾತಿಗೆ ತಪ್ಪದೆ ಅದನ್ನು ಬದಲಿಸಿಕೊಟ್ಟರು. ನಾಲ್ಕೂ ಇಂದಿಗೂ ನಡೆಯುತ್ತಿವೆ.

ಮಲ್ಟಿಮೀಟರ್‌ಗೆ ಕಾಣದ ದೋಷವೂ ಇದೆ ಎಂಬುದನ್ನು ಒಪ್ಪಿಕೊಳ್ಳಬೇಕು. ನೇರವಾಗಿ ಹರಿಯಬೇಕಾದ ವೋಲ್ಟಿನ ಮೇಲೆ ಸಣ್ಣ ಸಣ್ಣ ಅಲೆಗಳು ಏಳುತ್ತವೆ, 12 ವೋಲ್ಟಿನ ಲೈನಿನಲ್ಲಿ ಅದು 120 ಮಿಲಿವೋಲ್ಟ್ ಮೀರಬಾರದು. ಅದನ್ನು ಅಳೆಯಲು ಆಸಿಲೋಸ್ಕೋಪ್ ಬೇಕು. ರೀಫರ್ಬಿಶ್ ಮಾಡಿ ಮಾರುತ್ತೇವೆ ಎನ್ನುವವರ ಬಳಿ ಅದಿಲ್ಲದಿದ್ದರೆ ‘ಪೂರ್ತಿ ಪರೀಕ್ಷಿಸಲಾಗಿದೆ’ ಎನ್ನುವ ಹಕ್ಕು ಅವರಿಗಿಲ್ಲ ಎಂಬುದು ನನ್ನ ಅಭಿಪ್ರಾಯ. ಮನೆಯಲ್ಲಿ ಇರುವವರಿಗೆ ನನ್ನ ಕೋರಿಕೆ ಒಂದೇ, ಪೆಟ್ಟಿಗೆಯ ತಗಡನ್ನು ಮಾತ್ರ ನೀವು ತೆರೆಯಬೇಡಿ. ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟಿಗೂ ಮೀರಿದ ವಿದ್ಯುತ್ತು ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು. ಹೊರದೇಶದಿಂದ ಬಂದ ಹಳೆಯ ಮಾಲಾದರೆ ಹಿಂಬದಿಯಲ್ಲಿ ಕೆಂಪು ಸ್ವಿಚ್ ಇದೆಯೇ ನೋಡಿ. 115 ಎಂದಿರುವಾಗಲೇ ನಮ್ಮ ಪ್ಲಗ್ಗಿಗೆ ಹಾಕಿದರೆ ಪಟಾಕಿ ಹೊಡೆದ ಹಾಗೆ ಹೋಗುತ್ತದೆ.

ಕಾನೂನು ಇಲ್ಲವೆಂದಲ್ಲ. 2022ರ ಇ–ತ್ಯಾಜ್ಯ ನಿರ್ವಹಣಾ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಹಳೆಯ ಎಲೆಕ್ಟ್ರಾನಿಕ್ ವಸ್ತುವನ್ನು ಸರಿಪಡಿಸಿ ಮಾರುವವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳಬೇಕೆಂದು ಅದರಲ್ಲಿ ಹೇಳಿದೆ. ಆ ನೋಂದಣಿ ಸಂಖ್ಯೆ ಬಿಲ್ಲಿನ ಮೇಲೆ ಇರಬೇಕೆಂದು ಕೊಳ್ಳುವವರು ಕೇಳಲು ಶುರು ಮಾಡಿದರೆ ಅರ್ಧ ಕಳ್ಳಮಾಲು ತಾನಾಗಿಯೇ ಪೇಟೆ ಬಿಡುತ್ತದೆ. ಬಿಲ್ಲಿಲ್ಲದೆ ಇನ್ನೂರು ರೂಪಾಯಿ ಕಡಿಮೆ ಎಂದರೆ ಒಪ್ಪಬೇಡಿ. ಬಿಲ್ಲಿದ್ದರೆ 1915ಕ್ಕೆ ಕರೆ ಮಾಡಿ ಗ್ರಾಹಕ ಸಹಾಯವಾಣಿಯಲ್ಲಿ ದೂರು ಕೊಡಬಹುದು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೂ ಹೋಗಬಹುದು. ಐದು ಲಕ್ಷದೊಳಗಿನ ವ್ಯಾಜ್ಯಕ್ಕೆ ಅಲ್ಲಿ ಶುಲ್ಕವಿಲ್ಲ.

ನನ್ನ ಬೇಡಿಕೆ ದೊಡ್ಡದೇನಲ್ಲ. ರೀಫರ್ಬಿಶ್ಡ್ ಎಂದು ಮಾರುವ ಪ್ರತಿ ಎಸ್‌ಎಂಪಿಎಸ್ ಜೊತೆ, ಹುಡುಗಿಗೆ ಬರೆದುಕೊಟ್ಟ ಆ ನಾಲ್ಕು ಪ್ರಶ್ನೆಗೆ ಉತ್ತರವಾಗಿ ನಾಲ್ಕು ಸಾಲು ಬರೆದ ಒಂದು ಚೀಟಿ ಬರಲಿ. ದುರಸ್ತಿಯ ಕಸುಬು ಉಳಿಯಬೇಕು ಎಂಬುದು ನನ್ನ ಆಸೆ. ಇನ್ನೂ ಐದು ವರ್ಷ ನಡೆಯಬಲ್ಲ ಪೆಟ್ಟಿಗೆಗಳು ಗುಜರಿಗೆ ಹೋಗಿ, ಒಳಗಿನ ತಾಮ್ರಕ್ಕಾಗಿ ಊರಾಚೆ ಬೆಂಕಿಗೆ ಬೀಳುವುದನ್ನು ನೋಡಿದಾಗ ಸಂಕಟವಾಗುತ್ತದೆ. ಆ ಕಸುಬಿನ ಮೇಲೆ ಜನರಿಗೆ ನಂಬಿಕೆ ಬರಬೇಕಾದರೆ ನಾವು ಮಾಡಿದ್ದೇನು ಎಂಬುದನ್ನು ನಾವೇ ಬರೆದು ಕೊಡಬೇಕು.

ಹುಡುಗಿ ಹೊಸ 550 ವಾಟನ್ನೇ ತರಿಸಿದಳು. ಅವಳ ಮನೆಯ ಹಳೆಯ ಕಂಪ್ಯೂಟರಿಗೆ, ಅಪ್ಪ ಅಡಿಕೆ ಮಂಡಿಯ ಲೆಕ್ಕ ಬರೆಯುವುದಕ್ಕೆ, ಒಂದು ಎಸ್‌ಎಂಪಿಎಸ್ ಬೇಕಿತ್ತು. ಅದಕ್ಕೆ ಮಾತ್ರ ನಮ್ಮ ಅಂಗಡಿಯ ಹಳೆಯದನ್ನೇ ಕೊಟ್ಟೆ. ಅದರ ಮೇಲೆ ಅಂಟಿಸಿದ ಚೀಟಿಯನ್ನು ಇದ್ದ ಹಾಗೆಯೇ ಇಲ್ಲಿ ಬರೆಯುತ್ತಿದ್ದೇನೆ:

‘450 ವಾಟ್. ತಯಾರಾದದ್ದು 2019. ಒಂದು ಡಿಟಿಪಿ ಕೇಂದ್ರದಲ್ಲಿ ದಿನಕ್ಕೆ 9 ಗಂಟೆ, 4 ವರ್ಷ ನಡೆದದ್ದು. ಔಟ್‌ಪುಟ್ ಬದಿಯ 5 ಕೆಪಾಸಿಟರ್ ಬದಲಿಸಿದೆ, ಫ್ಯಾನ್ ಹೊಸದು. 115 ವಾಟ್ ಭಾರದಲ್ಲಿ 1 ಗಂಟೆ: 12ರ ಲೈನು 12.04, 5ರ ಲೈನು 5.06. ಗ್ರಾಫಿಕ್ಸ್ ಕಾರ್ಡ್ ಹಾಕಬಾರದು. ಬೆಲೆ 1,100. ಆರು ತಿಂಗಳೊಳಗೆ ಕೆಟ್ಟರೆ ಹಣ ವಾಪಸ್.’

ಇತಿ ನಿಮ್ಮ ಓದುಗ,
ಕಂಪ್ಯೂಟರ್ ದುರಸ್ತಿಗಾರ,
ಸಾಗರ, ಶಿವಮೊಗ್ಗ ಜಿಲ್ಲೆ